ನನ್ನ ಪ್ಯಾನಿಕ್ ವ್ಯಾಲ್ಯೂ

ಇಂಗ್ಲಿಷಿನ ಎಲ್ಲ ಪದಗಳಿಗೂ ನಾನು ಹೆದರುವವನಲ್ಲ. ಅದರಲ್ಲೂ ‘ವ್ಯಾಲ್ಯೂ’ ಅನ್ನುವುದು ನನ್ನ ಅನ್ನದ ಪದ. ತಮಿಳುನಾಡಿನ ಪೆನ್ನಾಗರಂ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ ನಾನು ದಿನಾ ಬೆಳಗಾದರೆ ಎಕ್ಸ್‌ನ ವ್ಯಾಲ್ಯೂ ಕಂಡುಹಿಡಿಯಿರೆಂದು ಮಕ್ಕಳ ಪ್ರಾಣ ತಿನ್ನುತ್ತೇನೆ. ಪಾಠ ತಮಿಳಿನಲ್ಲಿ, ಮನೆಮಾತು ಕನ್ನಡ. ಎರಡರಲ್ಲೂ ವ್ಯಾಲ್ಯೂ ಮಾತ್ರ ವ್ಯಾಲ್ಯೂನೇ. ಜಮೀನು ಮಾರಿಸುವ ನನ್ನ ಭಾಮೈದ ಮಾದೇಶನಿಗೆ ಅದು ಸೆಂಟಿನ ರೇಟು. ನನ್ನ ಹೆಂಡತಿ ಸರೋಜಳಿಗೆ ಅದು ಮರ್ಯಾದೆ: “ಈ ಮನೇಲಿ ನನ್ನ ಮಾತಿಗೆ ಏನು ವ್ಯಾಲ್ಯೂ ಐತೆ?” ನಮ್ಮ ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಈಗಿನ ಹುಡುಗರಿಗೆ ವ್ಯಾಲ್ಯೂಸೇ ಇಲ್ಲ ಅಂದರೆ ಅದು ನೀತಿ, ನಡತೆ, ತಲೆಗೂದಲಿನ ಉದ್ದ. ಇಷ್ಟೆಲ್ಲ ಅರ್ಥ ಬಲ್ಲ ನನಗೂ ಗೊತ್ತಿಲ್ಲದ ಒಂದು ಅರ್ಥ ಉಳಿದಿತ್ತು. ಅದು ಒಂದು ಶನಿವಾರ ಬೆಳಗ್ಗೆ ಇಡ್ಲಿ ಬಾಯಿಗಿಡುವ ಹೊತ್ತಿಗೆ ಫೋನಿನಲ್ಲಿ ಬಂತು.

ಹಿಂದಿನ ದಿನ ಸುಮ್ಮನೆ ಸುಸ್ತು ಅಂತ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದಿದ್ದೆ. ಅಲ್ಲಿಯ ಹುಡುಗಿ ತಮಿಳಿನಲ್ಲಿ, “ಸಾರ್, ಪಯಪ್ಪಡಾದೀಂಗ,” ಅಂದಳು. ಹೆದರಬೇಡಿ ಅಂತ ಯಾರಾದರೂ ಮೊದಲೇ ಹೇಳಿದರೆ ನನಗೆ ಅಲ್ಲೇ ಅರ್ಧ ಜೀವ ಹೋಗುತ್ತದೆ. ಉಳಿದರ್ಧವನ್ನು ಅವಳ ಮುಂದಿನ ಮಾತು ಒಯ್ದಿತು: “ಉಂಗ ಪೊಟ್ಯಾಸಿಯಂ ಪ್ಯಾನಿಕ್ ವ್ಯಾಲ್ಯೂ ಸಾರ್. ಉಡನೇ ಆಸ್ಪತ್ತಿರಿಕ್ಕಿ ಪೋಂಗ.”

ಹೆದರಬೇಡಿ, ಇದು ಹೆದರುವ ವ್ಯಾಲ್ಯೂ, ಕೂಡಲೇ ಆಸ್ಪತ್ರೆಗೆ ಹೋಗಿ! ಫೋನನ್ನು ಸಾಂಬಾರಿನ ಬಟ್ಟಲಲ್ಲಿ ಇಟ್ಟದ್ದು ನನಗೆ ಆಮೇಲೆ ಗೊತ್ತಾಯಿತು.

“ಏನಂತ್ಲಾ ಫೋನು?” ಅಂತ ಅಮ್ಮ ಕೇಳಿದಳು. ನಂಗವಳ್ಳಿ ಕಡೆ ಒಕ್ಕಲುತನದ ಮನೆಯ ಹೆಂಗಸು ಅವಳು.

“ರಕ್ತದಲ್ಲಿ ಪೊಟ್ಯಾಸಿಯಂ ವ್ಯಾಲ್ಯೂ ಜಾಸ್ತಿ ಆಗೈತಂತಮ್ಮ.”

“ವ್ಯಾಲ್ಯೂ ಜಾಸ್ತಿ ಆದ್ರೆ ಒಳ್ಳೇದೇ ಅಲ್ವೇನ್ಲಾ?” ಅಂದವಳು ತಟ್ಟನೆ, “ಪೊಟ್ಯಾಷಾ? ಒಲಕ್ಕೆ ಆಕೋ ಗೊಬ್ಬರ ನಿನ್ನ ಒಟ್ಟೆ ಒಳಕ್ಕೆ ಎಂಗೋಯ್ತು?” ಅಂದಳು. ಮರುಕ್ಷಣವೇ ಅಂಗಳಕ್ಕೆ ಓಡಿ, “ನನ್ನ ಮಗ ಗೊಬ್ಬರ ತಿಂದವ್ನೆ!” ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಬೀದಿ ಬಂದಿತು. ನಮ್ಮ ಕಡೆ ರೋಗಿಯನ್ನು ಯಾರೂ ಬರಿಗೈಯಲ್ಲಿ ನೋಡುವುದಿಲ್ಲ. ಒಬ್ಬರು ಎಳನೀರು ಕೆತ್ತಿ ತಂದರು, ಇನ್ನೊಬ್ಬರು ಬಾಳೆಹಣ್ಣಿನ ಚಿಪ್ಪು. ಆ ಹುಡುಗಿಯೋ ಫೋನಿಡುವ ಮುಂಚೆ ಈ ಎರಡನ್ನೂ ಮುಟ್ಟಬೇಡಿ, ಪೊಟ್ಯಾಸಿಯಂ ಇರುವುದೇ ಅದರಲ್ಲಿ ಅಂದಿದ್ದಳು. ಇಷ್ಟು ಪ್ರೀತಿಯಿಂದ ನನ್ನನ್ನು ಮುಗಿಸಲು ಬಂದವರ ಮಧ್ಯೆ ನಾನು ಬಾಯಿ ಬಿಗಿಹಿಡಿದು ಕೂತೆ.

ಮಾದೇಶ ಕಾರು ತಂದ. ಹಿಂದಿನ ಸೀಟಿನಲ್ಲಿ ಸರೋಜಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. “ನಾನು ನಿಮಗೆ ಒಂದಿನಾನೂ ವ್ಯಾಲ್ಯೂ ಕೊಡ್ಲಿಲ್ಲ,” ಅಂತ ಅವಳು ಅಳುತ್ತಿದ್ದಳು. ಮದುವೆಯಾದಾಗಿನಿಂದ ಕೇಳಬೇಕೆಂದಿದ್ದ ಮಾತು. ಕೇಳಿದ್ದು ಎದೆ ಡವಡವ ಹೊಡೆದುಕೊಳ್ಳುವಾಗ. ಅವಳ ಕಣ್ಣೀರು ಒಂದೊಂದೇ ಹನಿ ನನ್ನ ಕಿವಿಯೊಳಗೆ ಬೀಳುತ್ತಿತ್ತು. ಒರೆಸಿಕೊಳ್ಳಲೂ ಕೈ ಏಳಲಿಲ್ಲ. ಮುಂದೆ ಮಾದೇಶನ ಫೋನು ಬಡಿದುಕೊಂಡಿತು. ಅವನು ಕಿವಿಗೆ ಸಿಕ್ಕಿಸಿಕೊಂಡು, “ಈಗಿರೋ ವ್ಯಾಲ್ಯೂ ನಾಳೆಗಿರಲ್ಲ ಅಣ್ಣ. ನೋಡೋದಿದ್ರೆ ಇವತ್ತೇ ಬಂದು ನೋಡ್ಬುಡಿ,” ಅಂದ. ಸರೋಜ ಜೋರಾಗಿ ಅತ್ತಳು. “ಅಯ್ಯೋ ಅಕ್ಕ, ಅದು ಸೈಟು ವಿಷ್ಯ!” ಅಂತ ಅವನು ಗಾಬರಿಯಾಗಿ ತಿರುಗಿದ್ದಕ್ಕೆ ಎದುರಿಗೆ ಬಂದ ಬಸ್ಸು ಕೂದಲೆಳೆಯಲ್ಲಿ ತಪ್ಪಿತು. ಆಮೇಲೆ ಧರ್ಮಪುರಿ ಬರುವವರೆಗೆ ಅವನು ಫೋನು ಮುಟ್ಟಲಿಲ್ಲ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು, ಮತ್ತೆ ರಕ್ತ ತೆಗೆದರು. ಫಲಿತಾಂಶ ಬರುವ ತನಕ ನಾನು ಗೋಡೆಯ ಹಲ್ಲಿಯನ್ನು ನೋಡುತ್ತ ಸರೋಜಳ ಕೈ ಬಿಡದೆ ಮಲಗಿದ್ದೆ. ತಮಾಷೆ ಇಲ್ಲ, ನಿಜವಾಗಿ ಹೆದರಿದ್ದೆ. ಅವಳಿಗೆ ಏನೋ ಹೇಳಬೇಕು ಅನಿಸಿತು, ಬಾಯಿಗೆ ಬಂದದ್ದು ಮಾತ್ರ, “ಗ್ಯಾಸ್ ಆಫ್ ಮಾಡಿದ್ಯಾ?”

ಡಾಕ್ಟರಮ್ಮ ನಗುತ್ತ ಬಂದರು. ನನ್ನೊಳಗೆ ಏನೂ ಆಗಿರಲಿಲ್ಲವಂತೆ. ರಕ್ತ ತೆಗೆದ ಮೇಲೆ ಟ್ಯೂಬಿನಲ್ಲೇ ರಕ್ತಕಣಗಳು ಒಡೆದು ಲೆಕ್ಕ ತಪ್ಪಾಗಿ ಏರಿತ್ತು. “ಇಪ್ಪೋ ವ್ಯಾಲ್ಯೂ ನಾರ್ಮಲ್,” ಅಂದರು. ಸರೋಜ ಕೈಮುಗಿದಳು, ಆ ಕೈ ನನ್ನ ಕೈಯಿಂದ ಬಿಡಿಸಿಕೊಂಡದ್ದು.

ಮನೆಗೆ ಬಂದು ಮಂಚದ ಮೇಲೆ ಇನ್ನೂ ಸ್ವಲ್ಪ ನರಳೋಣವೆಂದು ಮಲಗಿದೆ. ಸರೋಜ ರಾಗಿಯ ಡಬ್ಬ ತಂದು ಪಕ್ಕದಲ್ಲಿ ಕುಕ್ಕಿದಳು. “ನಾರ್ಮಲ್ ಅಂದ್ರಲ್ಲ, ಏಳಿ. ಮಿಲ್ಲಿಗೋಗಿ ಇಟ್ಟು ಮಾಡಿಸ್ಕೊಂಡು ಬನ್ನಿ.”

ಮಿಲ್ಲಿನ ಮುಂದೆ ಹನುಮಂತನ ಬಾಲದಂಥ ಸಾಲು. ಬೆಳಗ್ಗೆ ಎಳನೀರು ತಂದಿದ್ದ ಅಕ್ಕ ನನ್ನನ್ನು ಕಂಡು ಕೆನ್ನೆಗೆ ಕೈಯಿಟ್ಟು, “ಅಯ್ಯೋ ಮೇಷ್ಟ್ರೇ, ಇಂಥ ಸ್ಥಿತೀಲಿ ಬಂದಿದ್ದೀರಾ! ಎಂಗೈತೆ ಈಗ?” ಅಂದಳು. ಸಾಲು ಪೂರ್ತಿ ತಿರುಗಿ ನನ್ನನ್ನು ನೋಡಿತು.

ಎಲ್ಲ ಸರಿಹೋಯಿತು ಅಂತ ಹೇಳಲು ಬಾಯಿ ತೆರೆದೆ. ಬಿಸಿಲು ಜೋರಿತ್ತು. ಬಾಯಿ ಮುಚ್ಚಿ, ಎದೆಯ ಮೇಲೆ ಮೆಲ್ಲಗೆ ಕೈಯಿಟ್ಟುಕೊಂಡೆ.

“ಮೇಷ್ಟ್ರುದು ಮೊದ್ಲು ಆಕಪ್ಪಾ!” ಅಂತ ಅವಳು ಮಿಲ್ಲಿನವನಿಗೆ ಕೂಗಿದಳು. ಎಲ್ಲರೂ ದಾರಿ ಬಿಟ್ಟರು. ನಾನು ಕುಂಟುತ್ತ ಮುಂದೆ ಹೋದೆ. ರೋಗ ಕಾಲಿನದಲ್ಲ ಅನ್ನುವುದು ಹಿಟ್ಟು ಮಾಡಿಸಿಕೊಂಡು ಹಿಂದಿರುಗುವಾಗ ನೆನಪಾಯಿತು.