ನೂರನೇ ಪಂದ್ಯದ ನೋಟೀಸು

ರಾಷ್ಟ್ರೀಯ ಫುಟ್‌ಬಾಲ್ ತಂಡದ ಕೋಚ್ ಬಹಳ ಒಳ್ಳೆಯ ಮನುಷ್ಯರು. ಗೋಲಣ್ಣನ ಆ ದಿನದ ಫಜೀತಿಗೆಲ್ಲ ಅವರ ಒಳ್ಳೆಯತನವೇ ಕಾರಣ.

ಅವರು ಸ್ವತಃ ಆಡುತ್ತಿದ್ದ ಕಾಲದಲ್ಲಿ ಒಮ್ಮೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದಾಗ, ತಮ್ಮನ್ನು ತಂಡದಿಂದ ಕೈಬಿಟ್ಟ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದರಂತೆ. ಕ್ಷೌರಿಕ ಎದುರಿನ ಕನ್ನಡಿಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದನಂತೆ. ಅಂದೇ ಅವರು ನಿಶ್ಚಯ ಮಾಡಿಕೊಂಡರು: ಯಾರನ್ನೇ ಕೈಬಿಡಲಿ, ಮೊದಲು ತಾವೇ ಫೋನ್ ಮಾಡಿ ಹೇಳಬೇಕು. ಆಯ್ಕೆಯಾದವರಿಗೆ ಫೋನ್ ಇಲ್ಲ. ಅವರು ಸಂಜೆ ಐದಕ್ಕೆ ಟಿ.ವಿ.ಯಲ್ಲಿ ತಮ್ಮ ಹೆಸರು ಕೇಳಿಕೊಳ್ಳಬೇಕು. ಆರು ಗಂಟೆಗೆ ಪಟ್ಟಿಗೆ ಸಹಿ ಬೀಳುತ್ತದೆ; ಆಮೇಲೆ ಬದಲಾವಣೆ ಇಲ್ಲ.

ಹೀಗಾಗಿ ಪಟ್ಟಿಯ ದಿನ ದೇಶದ ಆಟಗಾರರೆಲ್ಲ ಫೋನನ್ನು ಹಾವಿನ ಬುಟ್ಟಿಯ ಹಾಗೆ ಎದುರಿಗಿಟ್ಟುಕೊಂಡು ಕೂತಿರುತ್ತಿದ್ದರು.

ಗೋಲಣ್ಣನೂ ಕೂತಿದ್ದ. ವಯಸ್ಸು ಮೂವತ್ತೈದು. ದೇಶಕ್ಕೆ ಆಡಿದ ಪಂದ್ಯ ತೊಂಬತ್ತೊಂಬತ್ತು, ಹೊಡೆದ ಗೋಲು ಮೂವತ್ತೆಂಟು. ಅದರಲ್ಲಿ ಮೊದಲನೆಯದು, ಅವನು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದಾಗ ಚೆಂಡು ಬೆನ್ನಿಗೆ ಬಡಿದು ತಾನಾಗಿ ಒಳಗೆ ಹೋದದ್ದು. ಬೀದಿಯವರು ಮಾತ್ರ ಅದನ್ನು ಇಂದಿಗೂ ‘ಉಪಾಯದ ಗೋಲು’ ಎಂದೇ ಹೇಳುತ್ತಾರೆ. ಕಳೆದ ಹನ್ನೊಂದು ಪಂದ್ಯಗಳಲ್ಲಿ ಉಪಾಯದ್ದೂ ಇಲ್ಲ, ನಿಜದ್ದೂ ಇಲ್ಲ. ಎಡಮಂಡಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಇನ್ನೊಂದೇ ಒಂದು ಪಂದ್ಯ ಸಿಕ್ಕರೆ ನೂರು. ಆಮೇಲೆ ಬೂಟು ಅಟ್ಟಕ್ಕೆ ಹಾಕಿಬಿಡುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ.

ಎಂಟು ಗಂಟೆಗೆ ಫೋನ್ ಬಡಿದುಕೊಂಡಿತು. ಗೋಲಣ್ಣ ಬಾವಿಯ ತಳದಿಂದ ಬಂದಂಥ ದನಿಯಲ್ಲಿ, “ಹಲೋ?” ಎಂದ.

“ಏನಣ್ಣಾ, ಫೋನ್ ಬಂತಾ?” ಕೆಳಗಿನ ಅಂಗಡಿಯ ಟೈಲರು.

“ಈಗ ಬಂತಲ್ಲ, ನಿಂದೇ!”

“ಅಯ್ಯೋ, ನಂದಲ್ಲಣ್ಣ, ಕೋಚ್‌ದು! ಬಂದಿಲ್ಲ ತಾನೆ? ಒಳ್ಳೇದಾಯ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳ್ತೀನಿ.”

ಆಮೇಲೆ ಭಾವಮೈದ ಕೇಳಿದ. ಓದಿದ ಶಾಲೆಯ ಮೇಷ್ಟ್ರು ಕೇಳಿದರು. ಹಲ್ಲಿನ ಡಾಕ್ಟರು ಕೇಳಿದರು. ಒಂದೊಂದು ಸಲ ಗಂಟೆ ಬಾರಿಸಿದಾಗಲೂ ಗೋಲಣ್ಣನ ಎದೆ ಚೆಂಡಿನಂತೆ ಗಂಟಲವರೆಗೆ ಪುಟಿದು ಬೀಳುತ್ತಿತ್ತು. ಒಂಬತ್ತೂವರೆಗೆ ಅವನು ಫೋನಿನ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ತಾನು ಕೂತಿದ್ದ.

ಆಗ ಎದುರು ಮನೆಯ ಅಮೀನರು ಬಂದರು. ಮೂವತ್ತು ವರ್ಷ ಕೋರ್ಟಿನ ನೋಟೀಸುಗಳನ್ನು ಮನೆಮನೆಗೆ ಹೊತ್ತು ಜಾರಿ ಮಾಡಿ ನಿವೃತ್ತರಾದವರು. ಬಾಗಿಲು ತಟ್ಟುವುದರಲ್ಲೂ ಸರ್ಕಾರಿ ಗತ್ತು.

“ಏನಪ್ಪಾ ಇದು, ಮೊಟ್ಟೆ ಮೇಲೆ ಕೋಳಿ ಕೂತ ಹಾಗೆ ಕೂತಿದೀಯ? ಆಫ್ ಮಾಡು ಅದನ್ನ!”

“ಕೋಚ್ ಮಾಡಿದ್ರೆ, ಸಾರ್?”

“ಅದಕ್ಕೇ ಹೇಳ್ತಿರೋದು! ಕೈಬಿಟ್ಟವರಿಗೆ ಹೇಳ್ಲೇಬೇಕು ಅನ್ನೋದು ಅವರ ನಿಯಮ. ಅಂದ್ರೆ ಅದು ನೋಟೀಸು. ನೋಟೀಸು ಜಾರಿಯಾಗದೆ ಹುಕುಂ ನಡೆಯಲ್ಲ. ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೇ ಆರಾರು ವರ್ಷ ತಳ್ಳಿದವರನ್ನ ನೋಡಿದೀನಿ ನಾನು.”

“ಸಾರ್, ಇದು ಕೋರ್ಟಲ್ಲ, ಫುಟ್‌ಬಾಲು.”

“ಎಲ್ಲಾ ಒಂದೇ. ಅಲ್ಲೂ ಒದೀತಾರೆ, ಇಲ್ಲೂ ಒದೀತಾರೆ.”

ಹೆಂಡತಿ ಅಡುಗೆಮನೆಯಿಂದಲೇ, “ಅವರು ಹೇಳಿದ ಹಾಗೆ ಮಾಡಿ ಅಂದ್ರೆ. ಐದು ಗಂಟೆವರೆಗೆ ನಿಮ್ಮ ಎದೆಯಾದ್ರೂ ಉಳ್ಕೊಳ್ಳುತ್ತೆ,” ಎಂದಳು. ಕೋಚ್ ಬಳಿ ತನ್ನ ನಂಬರೂ ಇದೆಯೆಂದು ನೆನಪಾಗಿ ತನ್ನ ಫೋನನ್ನೂ ತಂದುಕೊಟ್ಟಳು. ಅಮೀನರು ಎರಡನ್ನೂ ಆಫ್ ಮಾಡಿ, ಕೆಳಗೆ ಟೈಲರನ ಗುಂಡಿ ಡಬ್ಬಿಯಲ್ಲಿ ಹೂತಿಟ್ಟರು. ಗೋಲಣ್ಣ ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ, ಅಂದು ಬೆಳಿಗ್ಗೆಯಿಂದ ಅವನು ನೆಟ್ಟಗೆ ಉಸಿರಾಡಿದ್ದು ಆಗಲೇ.

ಆ ನೆಮ್ಮದಿಯೂ ಮೂರು ಗಂಟೆಗೆ ಮುಗಿಯಿತು. ನೀಲಿ ಕೋಟು ತೊಟ್ಟು, ಕೈಯಲ್ಲಿ ಕಾಗದದ ಕಟ್ಟು ಹಿಡಿದ ಒಬ್ಬ ಮನುಷ್ಯ ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ತಂಡದವರ ಕೋಟೂ ನೀಲಿಯೇ.

“ಖುದ್ದಾಗಿ ಜಾರಿ ಮಾಡೋಕೆ ಆಳು ಕಳಿಸಿದಾರೆ!” ಅಮೀನರು ಮೆಟ್ಟಿಲಿನಿಂದಲೇ ಕೂಗಿದರು. “ಅವನು ಬಾಗಿಲಿಗೆ ಅಂಟಿಸಿದ್ರೂ ಜಾರಿಯಾದ ಹಾಗೇ! ಬಾಗಿಲು ನಾನು ನೋಡ್ಕೋತೀನಿ, ನೀನು ಕೆಳಗೆ ಓಡು!”

ಟೈಲರು ಗೋಲಣ್ಣನನ್ನು ಟ್ರಯಲ್ ರೂಮಿನ ಪರದೆಯ ಹಿಂದೆ ತಳ್ಳಿ, ಗುರುತು ಸಿಗಬಾರದೆಂದು ಯಾರೋ ಮದುಮಗನ ಅರ್ಧ ಹೊಲಿದ ಕೋಟು ತೊಡಿಸಿದ. ಕೋಟಿನ ತುಂಬ ಗುಂಡುಪಿನ್ನು. ಮೂವತ್ತೆಂಟು ಗೋಲು ಹೊಡೆದ ಸ್ಟ್ರೈಕರ್ ಕೈ ಎತ್ತಿದರೆ ಕಂಕುಳಿಗೆ, ಇಳಿಸಿದರೆ ಪಕ್ಕೆಗೆ ಚುಚ್ಚಿಸಿಕೊಳ್ಳುತ್ತ ಅರ್ಧ ಗಂಟೆ ಬೆದರುಬೊಂಬೆಯಂತೆ ನಿಂತಿದ್ದ. ಟೈಲರು ನಡುನಡುವೆ ಪರದೆಯ ಕೆಳಗಿಂದ ಒಂದು ಲೋಟ ನೀರು ಸರಿಸಿ, “ಸ್ವಲ್ಪ ತಾಳಣ್ಣ,” ಎನ್ನುತ್ತಿದ್ದ.

ಮೇಲೆ ಅಮೀನರು ಗೋಲಣ್ಣನ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಿದ್ದರು.

“ಸ್ವಲ್ಪ ಸರೀರಿ, ಒಳಗೆ ಹೋಗ್ಬೇಕು.”

“ಯಜಮಾನರು ಊರಲ್ಲಿಲ್ಲ.”

“ಯಜಮಾನರು ಯಾರಿಗೆ ಬೇಕು ಸ್ವಾಮಿ? ನೀರಿನ ಮೀಟರು ನೋಡ್ಬೇಕು ನನಗೆ.”

ಅಮೀನರು ಅದನ್ನೂ ನಂಬಲಿಲ್ಲ. ಮೀಟರಿನವನು ಬೇಸತ್ತು, ‘ಬಾಗಿಲು ಹಾಕಿತ್ತು’ ಎಂದು ಚೀಟಿ ಬರೆದು, ಬೇರೆ ಜಾಗ ಸಿಗದೆ ಎದುರಿನ ಅಮೀನರ ಬಾಗಿಲಿಗೇ ಅಂಟಿಸಿ ಹೋದ. ಮೂವತ್ತು ವರ್ಷ ಜಾರಿ ಮಾಡಿದ ಅಮೀನರಿಗೇ ಜಾರಿಯಾದ ಮೊದಲ ನೋಟೀಸು ಅದು.

ಐದು ಗಂಟೆಗೆ ಟೈಲರನ ಅಂಗಡಿಯ ಟಿ.ವಿ. ಮುಂದೆ ಬೀದಿಯೇ ನೆರೆದಿತ್ತು. ಇಪ್ಪತ್ತಮೂರು ಹೆಸರು. ಇಪ್ಪತ್ತೆರಡು ಆಯಿತು. ಗೋಲಣ್ಣ ಕಣ್ಣು ಮುಚ್ಚಿದ. ಹೆಂಡತಿ ಅವನ ಅಂಗಿಯ ತುದಿ ಹಿಡಿದುಕೊಂಡಳು. ಇಪ್ಪತ್ತಮೂರನೆಯ ಹೆಸರು ಅವನದೇ!

ಟೈಲರು ಕತ್ತರಿ ಬಿಸುಟು ಅವನನ್ನು ತಬ್ಬಿಕೊಂಡ. ಕೋಟಿನಿಂದ ಅಂಗಿಯಲ್ಲೇ ಉಳಿದಿದ್ದ ಪಿನ್ನೊಂದು ಇಬ್ಬರಿಗೂ ಚುಚ್ಚಿತು, ಇಬ್ಬರಿಗೂ ತಿಳಿಯಲಿಲ್ಲ. ಅಮೀನರು, “ನೋಡಿದ್ರಾ ಕಾನೂನಿನ ಶಕ್ತಿ!” ಎಂದು ಎಲ್ಲರ ಬೆನ್ನು ತಟ್ಟುತ್ತ ನಡೆದರು. ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಗೋಲಣ್ಣನಿಗೆ ಮಾತ್ರ ನಾಚಿಕೆಯಾಯಿತು. “ಹನ್ನೊಂದು ಪಂದ್ಯ ಸೊನ್ನೆ ಹೊಡೆದವನನ್ನ ನಂಬಿದಾರೆ ಆ ಮನುಷ್ಯ. ನಾನು ಅವರಿಗೆ ಹೆದರಿ ಪರದೆ ಹಿಂದೆ ನಿಂತಿದ್ದೆ. ಒಂದು ಥ್ಯಾಂಕ್ಸ್ ಹೇಳ್ಬೇಕು.”

“ನಾಳೆ ಹೇಳಿದ್ರಾಯ್ತು ಬಿಡಿ,” ಎಂದಳು ಹೆಂಡತಿ.

“ಆರು ಗಂಟೆ ಆಗ್ಲಿ, ಸಹಿ ಬೀಳ್ಲಿ,” ಎಂದರು ಅಮೀನರು.

ಗೋಲಣ್ಣ ಕೇಳಲಿಲ್ಲ. ಗುಂಡಿಗಳ ನಡುವೆ ಕೈಯಾಡಿಸಿ ಫೋನ್ ತೆಗೆದು ಆನ್ ಮಾಡಿದ. ಅದು ಮಳೆಗಾಲದ ಕಪ್ಪೆಯಂತೆ ವಟಗುಟ್ಟತೊಡಗಿತು. ಅಭಿನಂದನೆಗಳಿರಬೇಕು ಎಂದುಕೊಂಡು, ಒಂದನ್ನೂ ನೋಡದೆ ಕೋಚ್ ನಂಬರು ಒತ್ತಿದ. ಬೀದಿಗೆಲ್ಲ ಕೇಳಲೆಂದು ಟೈಲರು ಸ್ಪೀಕರ್ ಹಾಕಿದ.

“ಸಾರ್, ನಾನು. ತುಂಬಾ...”

“ಅಯ್ಯೋ ಮಹರಾಯ, ಎಲ್ಲಪ್ಪಾ ಹೋಗಿದ್ದೆ?” ಕೋಚ್ ದನಿ ದಣಿದಿತ್ತು. “ಹತ್ತು ಗಂಟೆಯಿಂದ ಹತ್ತೊಂಬತ್ತು ಸಲ ಮಾಡಿದೀನಿ. ನಿನ್ನ ಹೆಂಡತಿದೂ ಆಫು. ನಿನಗೆ ಹೇಳದೆ ಹೆಸರು ತೆಗೆಯೋಕೆ ನನಗೆ ಮನಸ್ಸು ಬರ್ಲಿಲ್ಲ. ಹಾಗೇ ಬಿಟ್ಟು ಪಟ್ಟಿ ಓದಿಸಿಬಿಟ್ಟೆ. ಇನ್ನು ಅರ್ಧ ಗಂಟೆ ನೀನು ಸಿಗದೆ ಇದ್ದಿದ್ರೆ ಅದೇ ಪಟ್ಟಿಗೆ ಸಹಿ ಹಾಕ್ಬೇಕಾಗಿತ್ತು. ಒಳ್ಳೇದಾಯ್ತು, ನೀನೇ ಮಾಡಿದೆ.”

ಬೆನ್ನು ತಟ್ಟುತ್ತಿದ್ದ ಅಮೀನರ ಕೈ ಅಲ್ಲೇ ನಿಂತಿತು.

“ಹೇಗೆ ಹೇಳೋದು ಅಂತ ಬೆಳಿಗ್ಗೆಯಿಂದ ಯೋಚಿಸ್ತಿದೀನಪ್ಪಾ. ಈ ಸಲ ನಿನ್ನ... ಹಲೋ? ಕೇಳಿಸ್ತಾ ಇದೆಯಾ?”

ಅಮೀನರು ಎರಡೂ ಕಿವಿಗಳ ಮೇಲೆ ಕೈಯಿಟ್ಟು ಜೋರಾಗಿ ತಲೆಯಾಡಿಸಿದರು. ಇಲ್ಲ ಅನ್ನು, ಕೇಳಿಸಲ್ಲ ಅನ್ನು, ಕಟ್ ಮಾಡು! ಟೈಲರು ಗುಂಡಿ ಡಬ್ಬಿಯ ಮುಚ್ಚಳ ತೆರೆದು ಮುಂದೆ ಹಿಡಿದ. ಗೋಲಣ್ಣ ಹೆಂಡತಿಯ ಮುಖ ನೋಡಿದ. ಅವಳು ಮೊದಲಿನ ಹಾಗೆ ಅವನ ಅಂಗಿಯ ತುದಿ ಹಿಡಿದುಕೊಂಡಳು, ಅಷ್ಟೆ.

ಅವನ ಕಣ್ಣ ಮುಂದೆ, ಕೋಚ್ ಹೇಳುತ್ತಿದ್ದ ಕ್ಷೌರದಂಗಡಿಯ ಗೋಡೆಯ ಕಡೆ ತಿರುಗಿಸಿದ ಕನ್ನಡಿ ಬಂತು.

“ಕೇಳಿಸ್ತಿದೆ ಸಾರ್,” ಎಂದ. “ಹೇಳಿ.”

ಕೋಚ್ ಹೇಳಿದರು. ಮೂವತ್ತೆಂಟು ಗೋಲುಗಳನ್ನೂ ಒಂದೊಂದಾಗಿ ನೆನೆದು ಹೇಳಿದರು. ಬೆನ್ನಿನ ಗೋಲನ್ನು ಅವರೂ ಉಪಾಯದ ಗೋಲು ಎಂದೇ ಕರೆದರು. ಫೋನ್ ಇಟ್ಟಾಗ ಆರಕ್ಕೆ ಐದು ನಿಮಿಷವಿತ್ತು.

ಟೈಲರು ನೂರು ಎಂಬ ಅಂಕಿ ಹೊಲಿದಿಟ್ಟಿದ್ದ ಅಂಗಿಯನ್ನು ಮಡಿಸಿ ಬೆನ್ನ ಹಿಂದೆ ಮರೆಮಾಡಿದ. ಕೊನೆಗೆ ಅಮೀನರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಿಟ್ಟುಸಿರಿಟ್ಟರು.

“ಮೂವತ್ತು ವರ್ಷದ ಸರ್ವಿಸು ನಂದು. ಓಡಿಹೋದವರನ್ನ ನೋಡಿದೀನಿ, ಬಚ್ಚಿಟ್ಟುಕೊಂಡವರನ್ನ ನೋಡಿದೀನಿ. ತಾನಾಗೇ ಕೋರ್ಟಿಗೆ ಬಂದು, ‘ನನ್ನ ನೋಟೀಸು ಎಲ್ಲಿ ಸ್ವಾಮಿ’ ಅಂತ ಕೇಳಿ, ಥ್ಯಾಂಕ್ಸ್ ಹೇಳಿ ಇಸ್ಕೊಂಡು ಹೋದವನು ನೀನೊಬ್ಬನೇ ಕಣಪ್ಪಾ!”