ಮಾಲಿನೆಯೊಳ ಸಿಟ್ಟಿಲ್ಲದ ಶನಿವಾರ

"ಇವತ್ತು ಹೊತ್ತು ಮುಳುಗೋವರೆಗೆ ನಾನು ಯಾರ ಮೇಲಾದ್ರೂ ರೇಗಿದ್ರೆ, ನನ್ನ ಹೆಸರು ಮಾಲಿನೆಯೊ ಅಲ್ಲ!"

ಶನಿವಾರ ಬೆಳಿಗ್ಗೆ ಒಲೆಯ ಮುಂದೆ ನಿಂತು, ಸೌಟನ್ನು ಖಡ್ಗದಂತೆ ಮೇಲೆತ್ತಿ ಮಾಲಿನೆಯೊ ಶಪಥ ಮಾಡಿದಳು. ಆ ದನಿಗೆ ಬೆದರಿ ಹೊಸ್ತಿಲ ಮೇಲಿದ್ದ ಎರಡು ಕೋಳಿಗಳು ಗೋಡೆ ಹಾರಿ ಓಡಿದವು.

ಅವಳ ಸಿಟ್ಟು ಲೆಸೊಥೊದ ಆ ಬೆಟ್ಟದ ಹಳ್ಳಿಗೆಲ್ಲ ಪರಿಚಿತ. ಬೇರೆಯವರ ಮೂಗಿನ ತುದಿಗೆ ಸಿಟ್ಟು ಆಗಾಗ ಬಂದು ಹೋಗುತ್ತದೆ. ಮಾಲಿನೆಯೊಳ ಮೂಗಿನ ಮೇಲೆ ಅದು ಸಂಸಾರ ಸಮೇತ ವಾಸವಾಗಿತ್ತು. ಅವಳ ಗಂಡ ಗಣಿಯ ಕೆಲಸ ಹಿಡಿದದ್ದು ಸಂಬಳಕ್ಕಲ್ಲ, ಅಷ್ಟು ಆಳಕ್ಕಿಳಿದರೆ ಹೆಂಡತಿಯ ದನಿ ಕೇಳಿಸದು ಎಂಬ ಆಸೆಗೆ, ಎಂದು ಊರವರು ಆಡಿಕೊಳ್ಳುತ್ತಿದ್ದರು. ಅವಳ ಬೆನ್ನ ಹಿಂದೆ, ಸಾಕಷ್ಟು ದೂರದಲ್ಲಿ ನಿಂತು.

ಆದರೆ ಇವತ್ತು ರೇಗುವಂತಿರಲಿಲ್ಲ. ಚರ್ಚಿನ ತಾಯಂದಿರ ಸಂಘಕ್ಕೆ ಹೊಸ ಅಧ್ಯಕ್ಷೆ ಬೇಕಾಗಿದ್ದಳು. ಹಳೆಯ ಅಧ್ಯಕ್ಷೆ ಮಾಸೆಲ್ಲೊ ಅಜ್ಜಿ ಇನ್ನಿಬ್ಬರು ಹಿರಿಯರೊಡನೆ ಮಧ್ಯಾಹ್ನ ಮಾಲಿನೆಯೊಳ ಮನೆ ನೋಡಲು ಬರುವವರಿದ್ದರು. ಸಂಘದ ನಿಯಮ ಎರಡೇ: ಮನೆಯಲ್ಲಿ ಹೆಂಡ ಇರಬಾರದು, ಬಾಯಲ್ಲಿ ಬೈಗುಳ ಇರಬಾರದು. ಮೊದಲನೆಯದನ್ನು ಮಾಲಿನೆಯೊ ಹುಟ್ಟಿದಾಗಿನಿಂದ ಪಾಲಿಸಿದ್ದಳು. ಎರಡನೆಯದನ್ನು ಇವತ್ತು ಆರಂಭಿಸಿದ್ದಳು. ಹನ್ನೆರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಮುಂದಿನ ಆ ಕುರ್ಚಿಯನ್ನೇ ನೋಡಿದವಳು ಅವಳು. ಒಂದು ದಿನ ಬಾಯಿ ಕಟ್ಟುವುದು ಯಾವ ಮಹಾ ಕೆಲಸ!

ಶಪಥ ಕೇಳಿಸಿಕೊಂಡವನು ಥುಸೊ ಒಬ್ಬನೇ. ಅವನ ನಿಜವಾದ ಹೆಸರು ಬ್ರೆಂಡನ್, ಊರು ಐರ್ಲೆಂಡಿನಲ್ಲೆಲ್ಲೋ. ಹಳ್ಳಿಯ ಶಾಲೆಯಲ್ಲಿ ಪುಕ್ಕಟೆಯಾಗಿ ಗಣಿತ ಹೇಳಿಕೊಡಲು ಬಂದು ಮೂರು ತಿಂಗಳಾಗಿತ್ತು. ವಾಸ ಮಾಲಿನೆಯೊಳ ಮನೆಯಲ್ಲಿ. ಥುಸೊ, ಅಂದರೆ ಸಹಾಯ, ಎಂದು ಹೆಸರಿಟ್ಟವಳೂ ಅವಳೇ. ಹೆಸರಿಟ್ಟ ಮಾರನೆಯ ದಿನದಿಂದ ಅವನು ಸಹಾಯ ಮಾಡದಂತೆ ನೋಡಿಕೊಳ್ಳುವುದೇ ಅವಳಿಗೆ ಕೆಲಸವಾಗಿತ್ತು.

"ಅಮ್ಮಾ, ನಾನು ತಮಗೆ ಯಾವ ಸಹಾಯವನ್ನು ಮಾಡಲಿ?" ಎಂದ. ಪುಸ್ತಕದಿಂದ ಕಲಿತ ಭಾಷೆ. ಪ್ರತಿ ಮಾತಿಗೂ ಇಸ್ತ್ರಿ ಹಾಕಿದಂತಿರುತ್ತಿತ್ತು.

"ಏನೂ ಮಾಡ್ಬೇಡಪ್ಪಾ, ಅದೇ ದೊಡ್ಡ ಸಹಾಯ. ನಿನ್ನ ಬಟ್ಟೆ ಒಕ್ಕೋ ಹೋಗು. ಯಾರಾದ್ರೂ ಬಂದ್ರೆ ಮಾತ್ರ ಬರೀ ಬಾಯಲ್ಲಿ ಕಳಿಸ್ಬೇಡ. ನಮ್ಮನೇಲಿ ಆ ಪದ್ಧತಿ ಇಲ್ಲ."

"ಯಾರೂ ಬರುವುದಿಲ್ಲ ಅಮ್ಮಾ. ನನ್ನ ಶನಿವಾರಗಳು ಬಹಳ ಮೌನವಾಗಿರುತ್ತವೆ."

ಅವನು ಸಪ್ಪೆ ಮುಖ ಹೊತ್ತು ಹಿತ್ತಲಿಗೆ ಹೋದ. ಅವಳು ಇದ್ದಿಲ ಇಸ್ತ್ರಿಪೆಟ್ಟಿಗೆ ಕಾಯಿಸಿ, ಸಂಘದ ಸಮವಸ್ತ್ರ ಹರಡಿಕೊಂಡು ಒಳಗೆ ಕೂತಳು.

ಹಿಂದಿನ ವಾರ ಒಂದು ಆಡು ಹಗ್ಗದ ಮೇಲಿದ್ದ ಥುಸೊನ ಅಂಗಿಯ ತೋಳನ್ನು ಬೇರುಸಹಿತ ತಿಂದುಹಾಕಿತ್ತು. ಗಣಿತದ ಮೇಷ್ಟ್ರು ಒಂದೇ ತಪ್ಪನ್ನು ಎರಡು ಸಲ ಮಾಡುವುದಿಲ್ಲ. ಆಡು ಎಷ್ಟು ಎತ್ತರ ನೆಗೆಯಬಹುದೆಂದು ಅವನು ಲೆಕ್ಕ ಹಾಕಿದ. ಅದನ್ನು ಮೂರರಿಂದ ಗುಣಿಸಿದ. ಹಿತ್ತಲಿನಲ್ಲಿ ಬಿದ್ದಿದ್ದ ಅತಿ ಉದ್ದದ ಕತ್ತಾಳೆ ಕಂಬವನ್ನು ನೆಟ್ಟು, ತುದಿಗೆ ತನ್ನ ಬಿಳಿ ಅಂಗಿ ಕಟ್ಟಿದ. ಪಕ್ಕದ ಮನೆಯ ಮಾಟಾಂಕಿಯೂ ಬಿಳಿ ಬಟ್ಟೆಯನ್ನು ಹೀಗೇ ಎತ್ತರದಲ್ಲಿ ಒಣಹಾಕುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಪಾಪ, ಅವಳಿಗೂ ಆಡಿನ ಕಾಟ ಎಂದುಕೊಂಡಿದ್ದ.

ಆ ಸೀಮೆಯಲ್ಲಿ ಮನೆಯ ಬಳಿ ಕಂಬದ ತುದಿಗೆ ಬಿಳಿ ಬಟ್ಟೆ ಏರಿತೆಂದರೆ ಅರ್ಥ ಒಂದೇ: ಜೋಳದ ಹೆಂಡ ಹದವಾಗಿದೆ, ಬನ್ನಿ! ಕೆಂಪು ಏರಿದರೆ ಮಾಂಸ. ಹಸಿರು ಏರಿದರೆ ಸೊಪ್ಪು. ಬೆನ್ನಿಗೆ ಕಟ್ಟಿದ ಕೂಸಿಗೂ ಇದು ಗೊತ್ತು. ಗಣಿತದ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಮೊದಲು ಬಂದವನು ಮುದುಕ ಮೊಹಾಪಿ. ಕಂಬಳಿ ಹೊದ್ದು, ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ಕಿಟಕಿಯ ಹತ್ತಿರ ನಿಂತ.

"ಅಮ್ಮಾ ಮಾಲಿನೆಯೊ! ಕೊನೆಗೂ ಮನಸ್ಸು ಮಾಡಿದ್ರಿ!"

"ಏನು ಮನಸ್ಸು?"

"ಇರ್ಲಿ ಬಿಡಿ, ನಾಚ್ಕೆ ಯಾಕೆ? ಒಂದು ಡಬ್ಬಿ ಹಾಕಿ."

"ಅಪ್ಪಾ ಮೊಹಾಪಿ, ಮಾಟಾಂಕಿ ಮನೆ ಪಕ್ಕದ್ದು. ಕಣ್ಣು ಮಂಜಾಗಿದ್ಯಾ?"

"ಮಂಜಾದ್ರೂ ಅಷ್ಟು ಎತ್ತರದ್ದು ಕಾಣಲ್ವಾ!"

ಬೆಳಿಗ್ಗೆಯೇ ಏರಿಸಿಕೊಂಡು ಬಂದಿದ್ದಾನೆ ಎಂದುಕೊಂಡಳು. ಬೈಗುಳ ನಾಲಿಗೆಯ ತುದಿಗೆ ಬಂದು ಚಪ್ಪಲಿ ಮೆಟ್ಟಿ ನಿಂತಿತ್ತು. ಅದನ್ನು ಒಳಕ್ಕೆ ನುಂಗಿ, "ಹಿತ್ತಲಲ್ಲಿ ಹುಡುಗ ಇದ್ದಾನೆ, ಮಾತಾಡಿಸ್ಹೋಗಿ," ಎಂದು ಕಿಟಕಿ ಮುಚ್ಚಿದಳು. ಆಹಾ, ಏನು ತಾಳ್ಮೆ! ತನ್ನ ಬಗ್ಗೆ ತನಗೇ ಕಣ್ಣು ತುಂಬಿ ಬಂತು.

ಹಿತ್ತಲಿನಲ್ಲಿ ಥುಸೊ ಹಿಗ್ಗಿ ಹೀರೇಕಾಯಿಯಾದ. ಮೂರು ತಿಂಗಳಲ್ಲಿ ಅವನನ್ನು ನೋಡಲು ಬಂದ ಮೊದಲ ಅತಿಥಿ! ಅಮ್ಮ ಬರಿ ಬಾಯಲ್ಲಿ ಕಳಿಸಬೇಡ ಎಂದಿದ್ದಳು. ಅಡುಗೆ ಗುಡಿಸಲಿನ ನೆರಳಲ್ಲಿ ಬಕೆಟ್ ತುಂಬ ಹುಳಿ ಅಂಬಲಿ ಇತ್ತು. ಹಿರಿಯರಿಗೆಂದು ಮೂರು ದಿನ ಹುಳಿ ಬರಿಸಿದ್ದು. ಥುಸೊ ಡಬ್ಬಿ ತುಂಬಿಸಿ ಕೊಟ್ಟ. ಅಷ್ಟರಲ್ಲಿ ಇನ್ನಿಬ್ಬರು ಬಂದರು. ಆಮೇಲೆ ನಾಲ್ವರು. ಕುರಿ ಕಾಯುವವರು ಕುರಿಗಳ ಸಮೇತ ಬೆಟ್ಟ ಇಳಿದರು.

"ಏನು ಮೇಷ್ಟ್ರೇ, ಇದರಲ್ಲಿ ಏನೂ ಏರೋದೇ ಇಲ್ವಲ್ಲ?" ಎಂದ ಒಬ್ಬ.

"ಇನ್ನೊಂದನ್ನೂ ಈಗ ಏರಿಸುತ್ತೇನೆ," ಎಂದು ಥುಸೊ ತೊಳೆದ ಕೆಂಪು ಟವೆಲನ್ನು ಅಂಗಿಯ ಕೆಳಗೆ ಕಟ್ಟಿದ. ಜಾಗ ಉಳಿಯಿತೆಂದು ಹಸಿರು ಹೊದಿಕೆಯನ್ನೂ ಕಟ್ಟಿದ.

ಹೆಂಡ, ಮಾಂಸ, ಸೊಪ್ಪು! ಊರಿನ ಇತಿಹಾಸದಲ್ಲಿ ಒಂದೇ ಮನೆಯ ಮೇಲೆ ಮೂರೂ ಏರಿದ್ದಿಲ್ಲ. ಹೆಂಗಸರು ಪಾತ್ರೆ ಹಿಡಿದು ಓಡೋಡಿ ಬಂದರು.

ಗಲಾಟೆ ಕೇಳಿ ಮಾಲಿನೆಯೊ ಹೊರಗೆ ಬಂದಳು. ಅಂಗಳದಲ್ಲಿ ಜಾತ್ರೆ. ಗುಡಿಸಲಿನಲ್ಲಿ ಬಕೆಟ್ ಹೆಚ್ಚುಕಡಿಮೆ ಬರಿದು. ತಳದಲ್ಲಿ ಎರಡು ಡಬ್ಬಿಯಷ್ಟು ಉಳಿದಿತ್ತು.

"ಅಮ್ಮಾ, ಅರ್ಧ ಸೇರು ಮಾಂಸ, ಕೊಬ್ಬಿಲ್ದೇ ಇರೋದು," ಎಂದಳೊಬ್ಬಳು.

ಅವಳು ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿದಳು. ಸಾಲಲಿಲ್ಲ. ನಲವತ್ತು ಮುಟ್ಟುವಾಗ ಒಳಗಿನಿಂದ ಸುಟ್ಟ ವಾಸನೆ ಬಂತು. ಓಡಿದಳು. ಸಮವಸ್ತ್ರದ ಬಿಳಿ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ತನ್ನ ಕಂದು ಮುದ್ರೆ ಒತ್ತಿ ಕೂತಿತ್ತು. ಮಾಲಿನೆಯೊಳ ಕಿವಿಯಿಂದ ಹೊಗೆ ಬರುವುದೊಂದು ಬಾಕಿ. ಆದರೂ ಬಾಯಿ ತೆರೆಯಲಿಲ್ಲ! ಆಕಾಶದಲ್ಲಿ ಸೂರ್ಯ ಯಾವ ಅವಸರವೂ ಇಲ್ಲದೆ ನಡುನೆತ್ತಿಯಲ್ಲಿ ನಿಂತಿದ್ದ.

ಆಗ ಬಂದಳು ಮಾಟಾಂಕಿ, ಸೊಂಟಕ್ಕೆ ಕೈಯಿಟ್ಟು.

"ಏನೇ ಮಾಲಿನೆಯೊ, ಭಾನುವಾರ ಬೈಬಲ್ಲು, ಶನಿವಾರ ಹೆಂಡ! ನನ್ನ ಗಿರಾಕಿಗಳನ್ನೆಲ್ಲ ಎಳ್ಕೊಂಡ್ಯಲ್ಲ! ನಂದು ಎರಡು ಡ್ರಮ್ಮು ಹುಳೀತಾ ಕೂತಿದೆ!"

"ತಂಗೀ," ಎಂದಳು ಮಾಲಿನೆಯೊ, ಹಲ್ಲು ಕಚ್ಚಿ, "ನಿನ್ನ ಮಾತು ನಂಗೆ ತಿಳೀತಿಲ್ಲ, ಮುದ್ದೂ."

"ತಿಳಿಯಲ್ವಾ? ಹಿತ್ತಲಿಗೆ ಹೋಗಿ ತಲೆ ಎತ್ತಿ ನೋಡು!"

ಅವಳು ಹಿತ್ತಲಿಗೆ ಹೋದಳು. ತಲೆ ಎತ್ತಿದಳು.

ನೀಲಿ ಆಕಾಶದಲ್ಲಿ ಬಿಳಿ, ಕೆಂಪು, ಹಸಿರು ಮೂರೂ ಒಂದು ಸ್ವತಂತ್ರ ರಾಷ್ಟ್ರದ ಧ್ವಜದಂತೆ ಪಟಪಟಿಸುತ್ತಿದ್ದವು. ಕಂಬದ ಬುಡದಲ್ಲಿ ಥುಸೊ ನಿಂತಿದ್ದ, ಮುಖದಲ್ಲಿ ಮದುಮಗನ ಕಳೆ.

"ಅಮ್ಮಾ, ಇಂದು ನಲವತ್ತಮೂರು ಅತಿಥಿಗಳು ಬಂದಿದ್ದಾರೆ. ಈ ಊರು ನನ್ನನ್ನು ಪ್ರೀತಿಸುತ್ತದೆ."

ಶಪಥ ಅಲ್ಲಿಗೆ ಸತ್ತಿತು.

"ಅಯ್ಯೋ ನಿನ್ನ ಗಣಿತಕ್ಕೆ ಬೆಂಕಿ ಬೀಳ! ಇಳ್ಸೋ ಅದನ್ನ! ಪ್ರೀತಿಯಂತೆ ಪ್ರೀತಿ! ಹನ್ನೆರಡು ವರ್ಷದ ನನ್ನ ಮಾನ ಕಂಬ ಹತ್ತಿಸಿ ಒಣಗ್ಹಾಕಿದ್ಯಲ್ಲೋ! ಏಯ್ ಕುಡುಕ ಮುಂಡೇವಾ, ಏಳ್ರೋ ಮೇಲೆ! ಅಂಬಲಿ ಕುಡಿದು ತೂರಾಡ್ತಿದೀರಲ್ಲ, ನಾಚ್ಕೆ ಆಗಲ್ವಾ? ಮಾಟಾಂಕಿ, ನಿನ್ನ ಡ್ರಮ್ಮಲ್ಲಿ ನಿನ್ನನ್ನೇ ಮುಳುಗಿಸ್ತೀನಿ! ಮಾಂಸ ಬೇಕಾ ಮಾಂಸ? ಅಂಗಿ ತಿಂದ ಆ ಆಡಿನ ಯಜಮಾನನ್ನ ಕರ್ಕೊಂಡ್ ಬನ್ನಿ, ಅವನನ್ನೇ ಕಡ್ದು ಕೊಡ್ತೀನಿ!"

ಎದುರು ಬೆಟ್ಟ ಅದನ್ನೆಲ್ಲ ಒಂದಕ್ಷರ ಬಿಡದೆ ತಿರುಗಿ ಹೇಳಿತು. ಜನ ಎದ್ದು ಗೋಡೆಯಾಚೆ ಓಡಿದರು. ಅಂಗಳ ಖಾಲಿಯಾದಾಗ ಕಂಡದ್ದು, ಬಾಗಿಲ ದಾರಿಯಲ್ಲಿ ಸಾಲಾಗಿ ನಿಂತ ಮೂವರು ಹಿರಿಯರು. ನಡುವೆ ಕೋಲೂರಿ ಮಾಸೆಲ್ಲೊ ಅಜ್ಜಿ.

"ಅಜ್ಜೀ," ಎಂದಳು ಮಾಲಿನೆಯೊ. "ದೇವರಾಣೆ, ಈ ಮನೇಲಿ ಒಂದು ಹನಿ ಹೆಂಡ ಇಲ್ಲ. ಅದು ಈ ಹುಡುಗನ ಅಂಗಿ."

ಥುಸೊ ಇಳಿಸಿದ ಅಂಗಿಯನ್ನು ಎದೆಗೆ ಹಿಡಿದು ತೋರಿಸಿದ. ಅಜ್ಜಿ ಅಂಗಿ ನೋಡಿದಳು. ಬಕೆಟ್ಟಿನಲ್ಲಿ ಬೆರಳದ್ದಿ ನೆಕ್ಕಿದಳು. ಅಂಬಲಿಯೇ. ಗೋಡೆಯ ಮರೆಯಲ್ಲಿದ್ದ ಮೊಹಾಪಿಯನ್ನು ಕೋಲಿನಿಂದ ಕರೆದಳು.

"ನಿಜ ಹೇಳು. ಈ ಮನೇಲಿ ಯಾವತ್ತಾದ್ರೂ ಹೆಂಡ ಕುಡ್ದಿದ್ಯಾ?"

"ಇಲ್ಲ ತಾಯೀ. ಸುಳ್ಳು ಹೇಳಲ್ಲ. ಯಾವತ್ತೂ ಇಲ್ಲ."

ಮಾಲಿನೆಯೊಗೆ ಹೋದ ಉಸಿರು ಬಂತು.

"ಮತ್ತೆ ಬಾವುಟ ಕಂಡಾಗ ಆಶ್ಚರ್ಯ ಆಗ್ಲಿಲ್ವಾ?"

ಮೊಹಾಪಿ ತಲೆ ಕೆರೆದ. "ಆಶ್ಚರ್ಯ ಯಾಕೆ ತಾಯೀ? ಹನ್ನೆರಡು ವರ್ಷದಿಂದ ದಿನಾ ಈಯಮ್ಮನ ಕೂಗಾಟ ಕೇಳ್ತಿದೀವಿ. ಬರೀ ಚಹಾ ಕುಡಿದು ಯಾರಾದ್ರೂ ಹಂಗೆ ಕೂಗಕ್ಕಾಗುತ್ತಾ? ಒಳಗೊಳಗೇ ಏರಿಸ್ತಾರೆ ಅಂತ ಊರಿಗೆಲ್ಲ ಗುಮಾನಿ. ಇವತ್ತು ಧೈರ್ಯ ಮಾಡಿ ಮಾರಕ್ಕೂ ಶುರು ಮಾಡಿದ್ರು ಅಂದ್ಕೊಂಡ್ವಿ."

ಗೋಡೆಯಾಚೆ ನಲವತ್ತೆರಡು ತಲೆಗಳು ಹೌದೆಂದು ಅಲ್ಲಾಡಿದವು. ಮಾಸೆಲ್ಲೊ ಅಜ್ಜಿಯ ಪಕ್ಕದವರು ಕೆಮ್ಮುವ ನೆಪದಲ್ಲಿ ಕಂಬಳಿ ಬಾಯಿಗೆ ತುಂಬಿಕೊಂಡರು. ಅಜ್ಜಿ ನಗಲಿಲ್ಲ.

"ಈ ವರ್ಷ ಬೇಡ ಮಗಳೇ," ಎಂದಳು. "ಕುಡೀದೇ ಇದ್ರೆ ಸಾಲ್ದು. ಕುಡಿಯಲ್ಲ ಅಂತ ಜನ ನಂಬೋ ಹಾಗೂ ಇರ್ಬೇಕು."

ಮಾಲಿನೆಯೊ ಬಾಯಿ ತೆರೆದಳು. ಗೋಡೆಯಾಚೆ ಎಲ್ಲ ತಲೆಗಳೂ ಒಟ್ಟಿಗೆ ತಗ್ಗಿದವು. ಅದನ್ನು ಕಂಡು ಅವಳು ಬಾಯಿ ಮುಚ್ಚಿದಳು. ಆಮೇಲೆ, ಹನ್ನೆರಡು ವರ್ಷದಲ್ಲಿ ಯಾರೂ ಕೇಳದಂಥ ಮೆತ್ತನೆಯ ದನಿಯಲ್ಲಿ, "ಒಳಗೆ ಬನ್ನಿ ಅಜ್ಜೀ, ಬಿಸಿಲಲ್ಲಿ ಬಂದಿದೀರಿ. ಸ್ವಲ್ಪ ಅಂಬಲಿ ಉಳಿದಿದೆ," ಎಂದಳು.

ಗೋಡೆಯ ಹತ್ತಿರ ಮೊಹಾಪಿ ಪಕ್ಕದವನನ್ನು ತಿವಿದು ಪಿಸುಗುಟ್ಟಿದ:

"ನೋಡು ನೋಡು, ಏರಿದ್ದು ಇಳೀತು!"