ದೊಡ್ಡವ್ವನ ‘ಹುಶ್’ ಮತ್ತು ಬೂದುಬಣ್ಣದ ಗುಂಡಿ

ಸಂಗೀತದ ತಂತ್ರಾಂಶ ತಯಾರಿಸಿ ಮಾರುವ ಮಹನೀಯರೇ, ನೀವು ನಮಗೆ ಡೋಲು ಮಾರಿದಿರಿ, ಕೋಲನ್ನು ಮಾತ್ರ ನಿಮ್ಮ ಬಗಲಲ್ಲೇ ಇಟ್ಟುಕೊಂಡಿರಿ. ಇದು ನನ್ನ ನೇರ ಆರೋಪ. ಮದುವೆಯಲ್ಲಿ ಒಲೆಯ ಜೊತೆಗೊಂದು ಕೊಳಗ ಕೊಟ್ಟ ಬೀಗರು, ಆ ಕೊಳಗ ಇನ್ನೊಂದು ಒಲೆಯನ್ನು ಏರಕೂಡದೆಂದು ತಾಕೀತು ಮಾಡಿದ್ದನ್ನು ನಮ್ಮ ವಿರೂಪಾಕ್ಷಿಪುರದಲ್ಲಿ ಈವರೆಗೆ ಯಾರೂ ಕಂಡಿಲ್ಲ. ಹಾಗೆ ಮಾಡಿದ್ದರೆ ಆ ಬೀಗರಿಗೆ ಊಟದ ಎಲೆಯೂ ದಕ್ಕುತ್ತಿರಲಿಲ್ಲ.

ಸಂಗತಿ ಇಷ್ಟು. ನಮ್ಮೂರ ಹಾಲಿನ ಡೈರಿಗೆ ಹೊಸ ಕಟ್ಟಡವಾಯಿತು. ಅದರ ಆರಂಭದ ದಿನಕ್ಕೆ ಹಾಲು ಹಾಕುವ ಹೆಂಗಸರೇ ಹಾಡಿದ ಒಂದು ಹಾಡನ್ನು ಸಿಡಿ ಮಾಡಿಕೊಡುವ ಹೊಣೆ, ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದವನೆಂಬ ಏಕೈಕ ಅಪರಾಧಕ್ಕಾಗಿ, ನನ್ನ ಹೆಗಲೇರಿತು. ಕಂಪ್ಯೂಟರು ನನ್ನ ಗೆಳೆಯ ನಯಾಜನದು. ಚನ್ನಪಟ್ಟಣದಲ್ಲಿ ಅವನ ಅಪ್ಪ ಬೊಂಬೆ ಕಡೆಯುತ್ತಾರೆ. ಇವನು ಬಿಡದಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿ ದುಡಿದು, ಬೆಳಗಿನ ಹೊತ್ತು ಸಂಗೀತಗಾರನಾಗಿರುತ್ತಾನೆ. ಅವನು ಕೊಂಡ ಸಂಗೀತದ ಕೀಬೋರ್ಡಿನ ಜೊತೆ ನಿಮ್ಮ ತಂತ್ರಾಂಶ ಉಚಿತವಾಗಿ ಬಂದಿತ್ತು, ಅದರೊಳಗೆ ನಲವತ್ತು ಬಗೆಯ ಡ್ರಮ್ಮಿನ ದನಿಗಳಿದ್ದವು. ಏಳನೆಯದಂತೂ, ಬರಿದಾದ ರಾಗಿ ತುಂಬುವ ವಾಡೆಯೊಳಗೆ ತೆಂಗಿನಕಾಯಿ ಬಿದ್ದ ಹಾಗೆ ‘ಧುಮ್’ ಎಂದು ಎದೆಗೇ ತಾಕುತ್ತಿತ್ತು. ಆದರೆ ಉಚಿತದ ಔದಾರ್ಯಕ್ಕೂ ಎಲ್ಲೆಯುಂಟು. ಒಂದು ಹಾಡಿನಲ್ಲಿ ಮೈಕಿನಿಂದ ಹಿಡಿದ ನಾಲ್ಕು ದನಿಗಳಾಚೆಗೆ ಐದನೆಯದನ್ನು ಸೇರಿಸಲು ಅದು ಒಪ್ಪಲಿಲ್ಲ. ಹಾಡುವವರೇ ಐದು ಮಂದಿ! ಸರಿ, ಹಾಡನ್ನು ಇನ್ನೊಂದು ತಂತ್ರಾಂಶಕ್ಕೆ ಸಾಗಿಸಿದೆವು. ಧುಮ್ ಮಾತ್ರ ಜೊತೆಗೆ ಬರಲಿಲ್ಲ. ಅದನ್ನು ಹೊರಗೆ ಕಳಿಸುವ ಗುಂಡಿ ಬೂದುಬಣ್ಣಕ್ಕೆ ತಿರುಗಿ, ಎಷ್ಟು ಒತ್ತಿದರೂ ಮಿಸುಕದೆ ಕೂತಿತ್ತು. ನಿಮ್ಮ ಪರವಾನಗಿಯ ಹನ್ನೊಂದು ಪುಟಗಳನ್ನು ನಿಘಂಟು ಹಿಡಿದು ಓದಿದೆ. ಜೊತೆಗೆ ಬಂದ ದನಿಗಳನ್ನು ನಮ್ಮ ಹಾಡಿಗೆ ಬಳಸಬಹುದೆಂದಿತ್ತು. ಬೇರೆ ತಂತ್ರಾಂಶದಲ್ಲಿ ಕಟ್ಟಿದ ಹಾಡಿಗೂ ಬಳಸಬಹುದೇ? ಆ ಮಾತಿಗೆ ಹನ್ನೊಂದೂ ಪುಟಗಳು ಮೌನ. ಎರಡು ಬಾರಿ ಪತ್ರ ಬರೆದೆ. ಎರಡು ಬಾರಿಯೂ ನಿಮ್ಮ ಯಂತ್ರ, ‘ನಿಮ್ಮ ಪ್ರಶ್ನೆ ನಮಗೆ ಅತಿ ಮುಖ್ಯ’ ಎಂದು ಉತ್ತರಿಸಿ ಮಲಗಿತು.

“ಪರ್ಮಿಸನ್ ಬರೋ ಹೊತ್ಗೆ ಡೈರಿ ಕಟ್ಟಡ ಹಳೇದಾಗಿರ್ತದೆ ಕಣ್ಲಾ,” ಎಂದ ನಯಾಜ್. “ಸ್ಪೀಕರ್‌ನಾಗೆ ಬಾರ್ಸಾಣ, ಮುಂದೆ ಮೈಕ್ ಮಡಗಾಣ. ಬಂದಷ್ಟು ಬರ್ಲಿ.”

ಚನ್ನಪಟ್ಟಣದಲ್ಲಿ ಅದು ಸಾಧ್ಯವಿರಲಿಲ್ಲ. ಬೊಂಬೆಯ ಲೇತು ನಿಂತರೆ ರೈಲು, ರೈಲು ಹೋದರೆ ಕಾರ್ಖಾನೆಯ ಬಸ್ಸು. ಹಾಗಾಗಿ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ನಮ್ಮ ಮನೆಗೇ ತಂದೆವು. ನಡುಮಧ್ಯಾಹ್ನ ಊರು ನಿಶ್ಶಬ್ದವಾಗಿತ್ತು. ಪಕ್ಕದ ಮನೆಯ ದೊಡ್ಡವ್ವನೂ ಮೂರು ದಿನದಿಂದ ನಿಶ್ಶಬ್ದ. ಅದಕ್ಕೆ ಕಾರಣ ನಾನೇ. ಡೈರಿ ಶುರುವಾದಂದಿನಿಂದ ಒಂದು ಹೊತ್ತೂ ತಪ್ಪದೆ ಹಾಲು ಹಾಕಿದ ಆಕೆ, ತಾನೂ ಹಾಡುತ್ತೇನೆಂದು ಹೊಸ ಸೀರೆಯುಟ್ಟು ಬಂದಿದ್ದಳು. ನಾನು ಗಂಭೀರವಾಗಿ, “ಶ್ರುತಿಶುದ್ಧಿ ಸಾಲದು” ಎಂದೆ. ಪದ ಅರ್ಥವಾಗದಿದ್ದರೂ ಅಪಮಾನ ಸರಿಯಾಗಿಯೇ ಅರ್ಥವಾಗಿತ್ತು. ಅಂದಿನಿಂದ ನನ್ನ ಕಡೆ ತಿರುಗಿಯೂ ನೋಡಿರಲಿಲ್ಲ. ನಾವು ಒಂದು ಧುಮ್ ಹಿಡಿದು, ಅದನ್ನೇ ಹಾಡಿನುದ್ದಕ್ಕೂ ಅಂಟಿಸಿದೆವು. ಇದ್ದ ಒಂದೇ ಹೆಡ್‌ಫೋನು ಹಾಕಿಕೊಂಡಿದ್ದ ನಯಾಜ್, “ಸೂಪರಾಗೈತೆ” ಎಂದು ಹಲ್ಲು ಕಿರಿದ. ಆ ಹಲ್ಲನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಆರಂಭದ ದಿನ ಡೈರಿಯ ಮುಂದೆ ಆಳೆತ್ತರದ ಸ್ಪೀಕರುಗಳಲ್ಲಿ ಹಾಡು ಹೊರಟಿತು. ಧುಮ್, ಹುಶ್! ಧುಮ್, ಹುಶ್! ನಯಾಜನ ಪುಟ್ಟ ಸ್ಪೀಕರಿನಲ್ಲಿ ನನಗೆ ಉಸಿರಿನಷ್ಟೂ ಕೇಳದಿದ್ದದ್ದು ಇಲ್ಲಿ ಗಾಳಿಯಂತೆ ಬೀಸಿತು. ನಾವು ಧುಮ್ ಹಿಡಿದ ಮಧ್ಯಾಹ್ನ ಅಂಗಳದಲ್ಲಿ ರಾಗಿ ಹರವಿದ್ದ ದೊಡ್ಡವ್ವ ಕೋಳಿ ಓಡಿಸಿದ ದನಿ ಅದು! ಧುಮ್ಮಿನ ಬಾಲ ಹಿಡಿದು ಬಂದು, ಹಾಡಿನುದ್ದಕ್ಕೂ ತಾಳ ತಪ್ಪದೆ ಕೂತಿತ್ತು. ಡೈರಿಯ ಹಿಂದಿದ್ದ ಕೋಳಿಗಳು ಅದನ್ನು ಮೊದಲು ಗುರುತಿಸಿ ಓಡಿದವು. ಆಮೇಲೆ ಹೆಂಗಸರು ಗುರುತಿಸಿದರು. ಎರಡನೇ ಚರಣಕ್ಕೆ ಊರಿಗೆ ಊರೇ ಸೆರಗು, ಟವಲು ಬೀಸುತ್ತ ‘ಹುಶ್’ ಎನ್ನುತ್ತಿತ್ತು. ನಾನು ನಯಾಜನ ಕಾಲರಿಗೆ ಕೈ ಹಾಕಿದೆ. “ನಂಗ್ ಆವಾಗ್ಲೇ ಕೇಳುಸ್ತು ಕಣ್ಲಾ,” ಎಂದ ಅವನು, “ಅದಿಲ್ದಿದ್ರೆ ನಿನ್ನ ಧುಮ್ ಒಣ್ಗೋಗ್ತಿತ್ತು.”

ಹಾಡು ಮುಗಿಯುವಷ್ಟರಲ್ಲಿ ದೊಡ್ಡವ್ವ ನನ್ನೆದುರು ನಿಂತಿದ್ದಳು.

“ಏನ್ಲಾ ಮಗ, ಬಾಯ್ಬುಟ್ಟು ಹಾಡ್ತೀನಿ ಅಂದ್ರೆ ಬ್ಯಾಡ ಅಂದೆ. ಕೋಳಿ ಓಡ್ಸಿದ್ರೆ ನಿನ್ನ ಸುರುತಿ ಸೇರ್ತದಾ? ಯಾರ್ನ ಕೇಳಿ ತಕ್ಕಂಡೆ?”

ನನ್ನ ಬಾಯಿಂದ ಹೊರಟ ಉತ್ತರವನ್ನು ನಾಚಿಕೆಯಿಂದಲೇ ದಾಖಲಿಸುತ್ತಿದ್ದೇನೆ: “ನೋಡಾಣ, ದೊಡ್ಡವ್ವ.” ಅದು ಸಾಕ್ಷಾತ್ ನಿಮ್ಮ ಯಂತ್ರದ ದನಿ.

“ನೋಡಾದೇನೈತ್ಲಾ? ಕೇಳುಸ್ಕೊ. ನನ್ನ ಹುಶ್ಶು ಯಾವ್ ಮಿಸಿನ್‌ಗಾದ್ರೂ ಹಾಕ್ಕೊ, ಯಾವ್ ಹಾಡ್ಗಾದ್ರೂ ಹಾಕ್ಕೊ. ಆದ್ರೆ ಮುಂದ್ಲ ಹಾಡ್ನಾಗೆ ನಂಗೂ ಒಸಿ ಜಾಗ ಮಡಗು. ಆಯ್ತಾ?”

ಆಯಿತು ಎಂದೆ. ನಕ್ಕಳು. ಅಷ್ಟು ದಿನಗಳ ಮೌನ ಅಲ್ಲಿಗೆ ಮುಗಿಯಿತು.

ಆದ್ದರಿಂದ ಮಹನೀಯರೇ, ನಿಮ್ಮಲ್ಲಿ ನನ್ನ ವಿಧಿಬದ್ಧ ವಿನಂತಿ: ಜೊತೆಗೆ ಕೊಟ್ಟ ದನಿಯನ್ನು ಕೊಂಡವನು ಬೇರೆ ತಂತ್ರಾಂಶದಲ್ಲಿ ಬಳಸಬಹುದೋ ಇಲ್ಲವೋ ಎಂಬುದನ್ನು, ಯಂತ್ರದ ಮೂಲಕವಲ್ಲದೆ ಮನುಷ್ಯನೊಬ್ಬನ ಸಹಿಯೊಂದಿಗೆ, ಒಂದೇ ವಾಕ್ಯದಲ್ಲಿ ತಿಳಿಸತಕ್ಕದ್ದು, ಬಳಸಬಹುದಾದರೆ ಆ ಬೂದು ಗುಂಡಿಗೆ ಕೂಡಲೇ ಬಣ್ಣ ಬರಿಸತಕ್ಕದ್ದು. ಓದು ಬಾರದ ದೊಡ್ಡವ್ವ ತನ್ನ ಪರವಾನಗಿಯನ್ನು ಷರತ್ತುಸಮೇತ ನಿಂತ ನಿಲುವಿನಲ್ಲೇ ಕೊಟ್ಟಿರುವಾಗ, ನಿಮಗೆ ಇದು ಕಷ್ಟವಾಗಲಾರದು. ಉತ್ತರವನ್ನು ಬೇಗ ಕಳಿಸಿ. ಎರಡನೇ ಹಾಡಿನ ಕೆಲಸ ಶುರುವಾಗಿದೆ, ದೊಡ್ಡವ್ವ ಮೈಕಿನ ಎದುರಿಗೇ ಕೂತಿದ್ದಾಳೆ. ಶ್ರುತಿ ಈಗಲೂ ಸೇರುತ್ತಿಲ್ಲ. ಅವಳ ದನಿಯನ್ನು ತಗ್ಗಿಸುವ ಗುಂಡಿ ಈ ತಂತ್ರಾಂಶದಲ್ಲಿ ಬಣ್ಣಬಣ್ಣವಾಗಿಯೇ ಇದೆ. ನನ್ನ ಪಾಲಿಗೆ ಮಾತ್ರ ಅದು ಬೂದು.